ಟೈಲ್ಸ್ ಒಡೆಯದೆ ಕಮೋಡ್ ಬದಲಾಯಿಸಿದ್ದು

ತುಮಕೂರಿನ ನಮ್ಮ ಮನೆ 1990ರ ದಶಕದ್ದು. ಕೆಳಗಿನ ಬಾತ್‌ರೂಮಿನ ಕಮೋಡ್ ಕೂಡ ಆಗಿನದ್ದೇ. ಅದರ ಬುಡದಲ್ಲಿ ಬಿರುಕು ಬಿಟ್ಟು, ಫ್ಲಶ್ ಮಾಡಿದಾಗಲೆಲ್ಲ ಹಿಂದುಗಡೆ ನೀರು ಜಿನುಗುತ್ತಿತ್ತು. ನೋಡಲು ಬಂದ ಪ್ಲಂಬರ್ ‘ನೆಲ ಒಡೀಬೇಕು ಸಾರ್, ಸುತ್ತ ಎರಡು ಸಾಲು ಟೈಲ್ಸ್ ಹೋಗುತ್ತೆ’ ಅಂದರು. ಆ ಟೈಲ್ಸ್ ಈಗ ಎಲ್ಲೂ ಸಿಗಲ್ಲ. ಎರಡು ಸಾಲು ಹೋದರೆ ಇಡೀ ನೆಲ ಹೊಸದಾಗಿ ಹಾಕಿಸಬೇಕು. ನಿಧಾನವಾಗಿ ಬಿಚ್ಚಿದರೆ ಟೈಲ್ಸ್ ಉಳಿಯಬಹುದು ಅನ್ನಿಸಿತು. ಒಂದೇ ದಿನದಲ್ಲಿ ಮುಗಿಸಿ ಇನ್ನೊಂದು ಮನೆಗೆ ಹೋಗಬೇಕಾದವರಿಗೆ ಅಷ್ಟು ಪುರುಸೊತ್ತು ಇರಲ್ಲ. ನನಗಿತ್ತು.

ಅಮ್ಮನಿಗೆ ಇದು ಹಿಡಿಸಲಿಲ್ಲ. ‘ಅದನ್ನೆಲ್ಲ ನೀನ್ಯಾಕೋ ಮುಟ್ತೀಯ? ಯಾರನ್ನಾದ್ರೂ ಕರಿ.’ ದಿನಾ ಕೂರೋರು ನಾವೇ ಅಲ್ವಾ ಅಮ್ಮ, ಬೇರೆಯವರು ಯಾಕೆ ಮುಟ್ಟಬೇಕು ಅಂದೆ. ಮಾತು ಅಲ್ಲಿಗೆ ನಿಂತಿತು, ಅವರ ಮುಖ ಮಾತ್ರ ಸರಿಹೋಗಲಿಲ್ಲ.

ಈ ಕೆಲಸದಲ್ಲಿ ಹೊಸದು ಕೊಳ್ಳುವ ಮೊದಲು ಅಳತೆ ತೆಗೆಯಬೇಕು. ಕಮೋಡಿನಿಂದ ಕೊಳೆ ಹೊರಹೋಗುವ ಬಾಯಿ ನೆಲದೊಳಗೆ ಇಳಿದರೆ ಎಸ್ ಟ್ರ್ಯಾಪ್, ಹಿಂದಿನ ಗೋಡೆಯೊಳಗೆ ಹೋದರೆ ಪಿ ಟ್ರ್ಯಾಪ್. ನಮ್ಮದು ಎಸ್. ಅದರಲ್ಲೂ ಗೋಡೆಯಿಂದ ನೆಲದ ತೂತಿನ ನಡುಮಧ್ಯಕ್ಕೆ ಎಷ್ಟು ದೂರ ಅನ್ನೋದು ಮುಖ್ಯ. ಅಂಗಡಿಯಲ್ಲಿ 4 ಇಂಚು, 9 ಇಂಚು, 12 ಇಂಚು ಅಂತ ಸಿಗುತ್ತವೆ. ಡಬ್ಬದ ಮೇಲೆ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ತೂತು 9 ಇಂಚಿಗಿದ್ದು 12ರದ್ದು ತಂದರೆ ಕೂರುವುದೇ ಇಲ್ಲ. 4ರದ್ದು ತಂದರೆ ಕೂರುತ್ತೆ, ಆದರೆ ಹಿಂದೆ ಐದು ಇಂಚು ಸಂದು ಬಿಟ್ಟು ನಿಲ್ಲುತ್ತೆ. ನಮ್ಮ ಹಳೆಯದರಲ್ಲಿ ಎಸ್ ಬೆಂಡ್ ಹಿಂದುಗಡೆ ಬಯಲಾಗಿಯೇ ಕಾಣುತ್ತಿತ್ತು, ಹಾಗಾಗಿ ಬಿಚ್ಚುವ ಮೊದಲೇ ಟೇಪ್ ಹಿಡಿದು ಅಳೆಯೋಕೆ ಆಯಿತು. ಗೋಡೆ ಅಂದರೆ ಟೈಲ್ಸಿನ ಮೇಲ್ಮೈ. ಅಲ್ಲಿಂದಲೇ ಅಳೆಯಬೇಕು. 9 ಇಂಚು ಬಂತು.

ಕಮೋಡ್ ಮತ್ತು ಟ್ಯಾಂಕ್ ಬೇರೆ ಬೇರೆಯಾಗಿ ಬರುವ ಟೂ ಪೀಸ್ ತಂದೆ. ಒನ್ ಪೀಸ್ ನೋಡೋಕೆ ಚೆಂದ, ಆದರೆ ಸುಮಾರು 40 ಕೆ.ಜಿ. ತೂಗುತ್ತೆ. ಚಿಕ್ಕ ಬಾತ್‌ರೂಮಿನಲ್ಲಿ ಅದನ್ನು ಎತ್ತಿ ತೂತಿನ ನೇರಕ್ಕೆ ಇಳಿಸುವುದು ಒಬ್ಬರ ಕೈಲಾಗುವ ಕೆಲಸ ಅಲ್ಲ. ನಮ್ಮ ಹಳೆಯ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಬಿಡುತ್ತಿತ್ತು. ಹೊಸದರಲ್ಲಿ ಎರಡು ಬಟನ್, ಒಂದಕ್ಕೆ 3, ಇನ್ನೊಂದಕ್ಕೆ 6 ಲೀಟರ್. ಬೋರ್‌ವೆಲ್ ನೀರು ನಂಬಿಕೊಂಡ ಮನೆಗೆ ಇದು ಸಣ್ಣ ವಿಷಯ ಅಲ್ಲ.

ನಾನು ನೋಡಿದ ವಿಡಿಯೊಗಳೆಲ್ಲ ಅಮೆರಿಕದವು. ಅಲ್ಲಿ ಎರಡು ನಟ್ ಬಿಚ್ಚಿ, ಕಮೋಡ್ ಎತ್ತಿ, ಹಳೆಯ ಮೇಣದ ರಿಂಗ್ ಕೆರೆದು, ಹೊಸ ರಿಂಗ್ ಇಟ್ಟು ಕೂರಿಸಿಬಿಡುತ್ತಾರೆ. ನೆಲದ ಪೈಪಿನ ಬಾಯಿಗೆ ಫ್ಲ್ಯಾಂಜ್ ಅನ್ನುವ ಅಗಲ ಅಂಚಿನ ಬಳೆ ಇರುತ್ತೆ, ಬೋಲ್ಟ್ ಅದಕ್ಕೇ ಕಚ್ಚಿಕೊಂಡಿರುತ್ತೆ. ನಮ್ಮನೆಯಲ್ಲಿ ಆ ಫ್ಲ್ಯಾಂಜೂ ಇಲ್ಲ, ಬೋಲ್ಟೂ ಇಲ್ಲ. ಪೈಪಿನ ಬಾಯಿಗೆ ಸಿಮೆಂಟ್, ಕಮೋಡಿನ ಹೊಟ್ಟೆಯೊಳಗೆ ಸಿಮೆಂಟ್, ಸುತ್ತಲೂ ವೈಟ್ ಸಿಮೆಂಟ್. ಒಮ್ಮೆ ಕೂತಿದ್ದು ಏಳಲೇಬಾರದು ಅನ್ನುವ ಹಾಗೆ. ಎತ್ತೋಕೆ ಹೋದರೆ ಜತೆಗೆ ಟೈಲ್ಸೂ ಏಳುತ್ತೆ. ಪ್ಲಂಬರ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹಾಗಾಗಿ ಎತ್ತುವ ಯೋಚನೆಯನ್ನೇ ಬಿಟ್ಟೆ. ಎಲ್ಲಾದರೂ ಒಡೆಯಲೇಬೇಕಾದರೆ ಕಮೋಡ್ ಒಡೆಯಲಿ, ನೆಲ ಬೇಡ.

ಟ್ಯಾಂಕಿಗೆ ನೀರು ಬಿಡುವ ಗೋಡೆಯ ಆ್ಯಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಕಮೋಡಿನಲ್ಲಿ ನಿಂತ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆದೆ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ಬರದ ಹಾಗೆ ತಡೆಯೋದು ಆ ಬೆಂಡಿನಲ್ಲಿ ನಿಂತಿರುವ ನೀರು ಮಾತ್ರ. ಈ ಬಾಗಿದ ಕೊಳವೆಗೆ 1775ರಲ್ಲಿ ಪೇಟೆಂಟ್ ತಗೊಂಡವನು ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್. ಇವತ್ತಿಗೂ ಅದಕ್ಕಿಂತ ಸುಲಭದ ಉಪಾಯ ಬಂದಿಲ್ಲ. ಆ ನೀರು ತೆಗೆದ ಕ್ಷಣದಿಂದ ಸೆಪ್ಟಿಕ್ ಟ್ಯಾಂಕಿನ ಗಾಳಿ ನೇರ ಬಾತ್‌ರೂಮಿಗೆ. ವಾಸನೆ ತಡೀಲಾರದೆ ಅಮ್ಮ ಊದುಬತ್ತಿ ಹಚ್ಚಿಕೊಂಡು ಬಂದರು. ಅದನ್ನು ಆಚೆಗೆ ಕಳಿಸಿದೆ. ಆ ಗಾಳಿಯಲ್ಲಿ ಮೀಥೇನ್ ಇರುತ್ತೆ, ಬೆಂಕಿ ಹತ್ತಿರ ಸುಳಿಯಬಾರದು. ಕಿಟಕಿ, ಬಾಗಿಲು ಎರಡೂ ತೆರೆದಿಟ್ಟೆ.

ಕಮೋಡಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊದಲು ಎಸ್ ಬೆಂಡಿನ ಕುತ್ತಿಗೆಗೆ ಸುತ್ತಿಗೆಯಿಂದ ಹೊಡೆದೆ. ಅದು ಮುರಿದ ತಕ್ಷಣ ಪೈಪಿನೊಳಗೆ ಬಟ್ಟೆಯ ಉಂಡೆ ತುರುಕಿದೆ. ಬಟ್ಟೆಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನಲ್ಲಿಗೆ ಬಿಗಿದಿದ್ದೆ. ಇಲ್ಲದಿದ್ದರೆ ಬಟ್ಟೆಯೇ ಒಳಗೆ ಜಾರಿ ಹೋಗುತ್ತೆ. ಒಂದೇ ಒಂದು ಪಿಂಗಾಣಿ ಚೂರು ಪೈಪಿನ ಬಾಗಿನಲ್ಲಿ ಸಿಕ್ಕಿಕೊಂಡರೂ ಆಮೇಲೆ ಅದಕ್ಕೇ ನೆಲ ಅಗೆಯಬೇಕು. ಕನ್ನಡಕ, ದಪ್ಪ ಗ್ಲೌಸ್, ಶೂ ಇಲ್ಲದೆ ಇದಕ್ಕೆ ಕೈ ಹಾಕಬಾರದು. ಚೂರುಗಳು ಬಟ್ಟೆಯನ್ನು ಸೀಳುವಷ್ಟು ಚೂಪು.

ಮೇಲಿನ ಭಾಗ ಹೋದ ಮೇಲೆ ಬುಡದಲ್ಲಿ ಸಿಮೆಂಟಿನ ದಿಬ್ಬ ಉಳಿಯಿತು. ನಿಜವಾದ ಕೆಲಸ ಇಲ್ಲಿತ್ತು. ಚಾಣವನ್ನು ನೆಟ್ಟಗೆ ಹಿಡಿದು ಹೊಡೆದರೆ ಪೆಟ್ಟು ಟೈಲ್ಸಿಗೆ ಬೀಳುತ್ತೆ. ಅಡ್ಡವಾಗಿ, ನೆಲಕ್ಕೆ ಸಮವಾಗಿ ಹಿಡಿದು, ಮೇಲಿನಿಂದ ಪದರ ಪದರವಾಗಿ ಎಬ್ಬಿಸಬೇಕು. ಸಣ್ಣ ಸುತ್ತಿಗೆ ಸಾಕು. ಕೊನೆಯ ಪದರವನ್ನು ಚಪ್ಪಟೆ ಲೋಹದ ಪಟ್ಟಿ ಹಿಡಿದು ಕೆರೆದೆ. ತಿರುಚಲಿಕ್ಕೆ ಬಾರದ ಹಳೆಯ ತುಕ್ಕು ಸ್ಕ್ರೂಗಳನ್ನು ಹ್ಯಾಕ್ಸಾ ಬ್ಲೇಡಿನಿಂದ ನೆಲದ ಮಟ್ಟಕ್ಕೆ ಕೊಯ್ದೆ. ಟೈಲ್ಸ್ ಉಳಿಯಿತು. ಚೂರುಗಳನ್ನು ಸಿಮೆಂಟ್ ಚೀಲಕ್ಕೆ ತುಂಬಿದೆ, ಕಸದ ಗಾಡಿಯವರು ಮುಟ್ಟಲಿಲ್ಲ. ಪಕ್ಕದ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಪಾಯ ತುಂಬಲಿಕ್ಕೆ ಅಂತ ಖುಷಿಯಿಂದಲೇ ತಗೊಂಡರು.

ಕೂರಿಸುವುದು ಅದರ ಮುಂದೆ ಸಲೀಸು. ನೆಲದ ಪೈಪ್ 110 ಮಿಲಿಮೀಟರಿನದ್ದು. ಅದಕ್ಕೆ ಸರಿಹೊಂದುವ ರಬ್ಬರಿನ ಪ್ಯಾನ್ ಕನೆಕ್ಟರ್ ಕೇಳಿದಾಗ ಹಾರ್ಡ್‌ವೇರ್ ಅಂಗಡಿಯವರು ‘ಅದೆಲ್ಲ ಯಾಕೆ ಸಾರ್, ಒಂದು ಕೆ.ಜಿ. ವೈಟ್ ಸಿಮೆಂಟ್ ತಗೊಂಡು ಹೋಗಿ’ ಅಂದರು. ಅರ್ಧ ದಿನ ಸಿಮೆಂಟ್ ಕೆರೆದು ಬಂದವನ ಹತ್ತಿರ ಹೇಳುವ ಮಾತಲ್ಲ ಅದು. ಕನೆಕ್ಟರನ್ನು ಕಮೋಡಿನ ಬಾಯಿಗೆ ತೊಡಿಸಿ, ಅಂಚಿಗೆ ಸ್ವಲ್ಪ ಸೋಪಿನ ನೀರು ಸವರಿದರೆ ಪೈಪಿನೊಳಗೆ ಜಾರಿಕೊಂಡು ಕೂರುತ್ತೆ. ಮುಂದೆ ಬಿಚ್ಚಬೇಕಾದರೆ ಎಳೆದರೆ ಸಾಕು.

ಮೊದಲು ಸುಮ್ನೆ ಇಟ್ಟು ನೋಡಿದೆ. ಅಲುಗಾಡುತ್ತಾ, ಗೋಡೆಗೆ ಸಮ ಇದೆಯಾ, ಮಟ್ಟಗೋಲಿನ ಗುಳ್ಳೆ ನಡುವೆ ನಿಲ್ಲುತ್ತಾ. ಆಮೇಲೆ ಪೆನ್ಸಿಲ್ಲಿನಲ್ಲಿ ಸ್ಕ್ರೂ ಜಾಗ ಗುರುತು ಹಾಕಿ ಮತ್ತೆ ಎತ್ತಿಟ್ಟೆ. ಟೈಲ್ಸಿಗೆ ತೂತು ಹಾಕುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಇರಬೇಕು. ಗುರುತಿನ ಮೇಲೆ ಪೇಪರ್ ಟೇಪ್ ಅಂಟಿಸಿದರೆ ಬಿಟ್ ಜಾರಲ್ಲ. ಟೈಲ್ಸ್ ದಾಟಿದ ಮೇಲೆ ಹ್ಯಾಮರ್ ಹಾಕಬಹುದು. ತೂತಿಗೆ ಸ್ವಲ್ಪ ಸಿಲಿಕೋನ್ ಬಿಟ್ಟು ಆಮೇಲೆ ಪ್ಲಗ್ ತಳ್ಳಿದೆ, ಸ್ಕ್ರೂ ಪಕ್ಕದಿಂದ ನೀರು ಕೆಳಗಿಳಿಯದಿರಲಿ ಅಂತ. ಮೇಲಿನ ಮಹಡಿಯಾಗಿದ್ದರೆ ಇದು ಇನ್ನೂ ಮುಖ್ಯ. ಅಲ್ಲಿ ಕೆಳಗಿರೋದು ವಾಟರ್‌ಪ್ರೂಫ್ ಪದರ ಮತ್ತು ಇನ್ನೊಬ್ಬರ ಸೀಲಿಂಗ್.

ಸ್ಕ್ರೂಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ, ಕಾರಿನ ಚಕ್ರದ ನಟ್ ಬಿಗಿಯುವ ಹಾಗೆ ಬಿಗಿಯಬೇಕು. ಕಮೋಡ್ ಅಲುಗಾಡುವುದು ನಿಂತರೆ ಸಾಕು. ಅಲ್ಲಿಂದಾಚೆ ಬಿಗಿದರೆ ಪಿಂಗಾಣಿ ಬಿರಿಯುತ್ತೆ. ಟ್ಯಾಂಕಿನ ಬೋಲ್ಟಿಗೂ ಇದೇ ಮಾತು. ಟೆಫ್ಲಾನ್ ಟೇಪನ್ನು ಜನ ಎಲ್ಲ ಕಡೆ ಸುತ್ತುತ್ತಾರೆ. ಅದು ಬೇಕಿರೋದು ಆ್ಯಂಗಲ್ ಕಾಕ್ ಗೋಡೆಯೊಳಗೆ ಹೋಗುವ ಮರೆಗೆ, ಅಂದರೆ ತಿರುಪಿನ ಸುರುಳಿ ಗೀರುಗಳಿಗೆ. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇದೆ, ನೀರು ತಡೆಯೋದು ಅದೇ. ಟ್ಯಾಂಕಿನ ಕಡೆಯ ಮರೆ ಪ್ಲಾಸ್ಟಿಕ್ಕಿನದ್ದು, ಅಲ್ಲಿ ಕೈಯಲ್ಲೇ ತಿರುಗಿಸಬೇಕು.

ಸುತ್ತಲೂ ಬೂಸ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್ ಹಚ್ಚಿ, ಹಿಂಬದಿಯಲ್ಲಿ ಮಾತ್ರ ಎರಡು ಬೆರಳಿನಷ್ಟು ಜಾಗ ಬಿಟ್ಟೆ. ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ಗೊತ್ತಾಗುತ್ತೆ. ಪೂರ್ತಿ ಮುಚ್ಚಿದರೆ ಸೋರಿದ್ದು ತಿಳಿಯೋದೇ ಇಲ್ಲ. ಅದು ಒಣಗಲು ಒಂದು ದಿನ ಬೇಕು, ಅಲ್ಲಿವರೆಗೆ ಎಲ್ಲರೂ ಹಿತ್ತಲಿನ ಇಂಡಿಯನ್ ಟಾಯ್ಲೆಟ್ಟಿಗೆ.

ಟ್ಯಾಂಕಿನ ಒಳಗಿನ ಸೋರಿಕೆ ನೋಡಲು ಅಮ್ಮನ ಡಬ್ಬಿಯಿಂದ ಕೇಸರಿಬಾತ್‌ಗೆ ಹಾಕುವ ಬಣ್ಣ ಒಂದು ಚಿಟಿಕೆ ತಂದು ಟ್ಯಾಂಕಿಗೆ ಹಾಕಿದೆ. ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದರೆ ಕಮೋಡಿನ ನೀರು ತಿಳಿಯಾಗಿಯೇ ಇತ್ತು. ಬಣ್ಣ ಇಳಿದಿದ್ದರೆ ಫ್ಲಶ್ ವಾಲ್ವಿನ ವಾಷರ್ ಸರಿಯಾಗಿ ಕೂತಿಲ್ಲ ಅಂತ. ಬುಡದ ಸುತ್ತ ನ್ಯೂಸ್‌ಪೇಪರ್ ಹಾಸಿ ನಾಲ್ಕಾರು ಸಲ ಫ್ಲಶ್ ಮಾಡಿದೆ. ಪೇಪರ್ ಒಣಗಿಯೇ ಇತ್ತು.

ಮೇಲಿನ ಬಾತ್‌ರೂಮನ್ನೂ ನೀನೇ ಮಾಡು ಅಂತ ಮನೆಯಲ್ಲಿ ಈಗ ಹೇಳುತ್ತಿದ್ದಾರೆ. ಅದು ಬೇಸಿನ್ ನೆಲದೊಳಗೆ ಕೂತಿರುವ ಇಂಡಿಯನ್. ಅದನ್ನು ಕಮೋಡ್ ಮಾಡಬೇಕಾದರೆ ನೆಲ ತೆಗೆದು, ಟ್ರ್ಯಾಪ್ ಬದಲಾಯಿಸಿ, ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಬೇಕು. ಅದಕ್ಕೆ ಆ ಪ್ಲಂಬರನ್ನೇ ಕರೆಯುತ್ತೇನೆ. ಪ್ಯಾನ್ ಕನೆಕ್ಟರ್ ಮಾತ್ರ ನಾನೇ ತಂದುಕೊಡುತ್ತೇನೆ.