ಬೆಳ್ಳಿ, ಆಂಟಿಬಯೋಟಿಕ್ ಎರಡೂ ಒಂದೇ ಪ್ಲೇಟಿನಲ್ಲಿ: ನಾನು ಮಾಡುವ ಬಗೆ

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಮೇಲೆ ಆಂಟಿಬಯೋಟಿಕ್ ಜೊತೆ ಕೊಲಾಯ್ಡಲ್ ಸಿಲ್ವರ್ (ನೀರಿನಲ್ಲಿ ತೇಲುವ ಅತಿ ಸಣ್ಣ ಬೆಳ್ಳಿ ಕಣಗಳು) ಸೇರಿಸಿ ನೋಡುವುದು ಮೈಕ್ರೋಬಯಾಲಜಿ ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಪುಣೆಗೆ ಪ್ರಾಜೆಕ್ಟಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಬೇಕಾಗುವಷ್ಟನ್ನು ಇಲ್ಲಿ ಬರೆದಿದ್ದೇನೆ. ಇದು ಬಿಎಸ್ಎಲ್-2 (ಜೈವಿಕ ಸುರಕ್ಷತೆಯ ಎರಡನೇ ಹಂತದ) ಲ್ಯಾಬಿನಲ್ಲಿ, ಪ್ಲೇಟಿನ ಮೇಲೆ ನಡೆಯುವ ಕೆಲಸ. ಕುಡಿಯುವ ಮಾತಲ್ಲ, ಯಾಕಲ್ಲ ಅನ್ನುವುದು ಮುಂದೆ ಲೆಕ್ಕದ ಸಮೇತ ಬರುತ್ತದೆ.

ಈ ಪ್ರಯೋಗ ಕೆಡುವುದು ಬಹುತೇಕ ಬ್ಯಾಕ್ಟೀರಿಯಾದಿಂದಲ್ಲ, ಕ್ಲೋರೈಡ್‌ನಿಂದ. ಬೆಳ್ಳಿ ಅಯಾನು ಕ್ಲೋರೈಡ್ ಕಂಡರೆ ಸಾಕು, ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ಕೆಳಗೆ ಕೂರುತ್ತದೆ. ನೀವು ಹಾಕಿದ್ದು ಒಂದು, ಬ್ಯಾಕ್ಟೀರಿಯಾಕ್ಕೆ ಸಿಕ್ಕಿದ್ದು ಇನ್ನೊಂದು. ಹಾಗಾಗಿ ಮೊದಲ ಪರೀಕ್ಷೆ ನೀರಿನದು. ಶುಭ್ರವಾದ ಟ್ಯೂಬಿನಲ್ಲಿ 10 ಮಿ.ಲೀ. ನೀರು ತೆಗೆದುಕೊಂಡು 1% ಸಿಲ್ವರ್ ನೈಟ್ರೇಟಿನ ಎರಡು ಹನಿ ಬಿಡಿ, ಕಪ್ಪು ಕಾಗದದ ಮುಂದೆ ಹಿಡಿದು ನೋಡಿ. ಪುಣೆಯ ಖಡಕವಾಸ್ಲಾ ಅಣೆಕಟ್ಟಿನಿಂದ ಬರುವ ನಲ್ಲಿ ನೀರು ಕೂಡಲೇ ಹಾಲುಹಾಲಾಗುತ್ತದೆ. ಡಿಸ್ಟಿಲ್ಡ್ ಎಂದು ಬರೆದ ಕ್ಯಾನಿನ ನೀರೂ ಕೆಲವೊಮ್ಮೆ ಮಸುಕಾಗುತ್ತದೆ. ಅಂಥದ್ದನ್ನು ಬಟ್ಟೆ ಒರೆಸಲು ಇಟ್ಟುಕೊಳ್ಳಿ. ಬೇಕಾದದ್ದು 18.2 ಮೆಗಾಓಮ್ ನೀರು, ಅಂದರೆ ಲವಣ ಬಹುತೇಕ ಇಲ್ಲದ ಅತಿ ಶುದ್ಧ ನೀರು. ಗಾಜಿನ ಸಾಮಾನು ರಾತ್ರಿಯಿಡೀ 10% ನೈಟ್ರಿಕ್ ಆಮ್ಲದಲ್ಲಿ ನೆನೆದು, ಅದೇ ನೀರಿನಲ್ಲಿ ಮೂರು ಸಲ ತೊಳೆದಿರಬೇಕು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ತೊಳೆಯದಿದ್ದುದೇ ಮೇಲು.

ಸ್ಟಾಕ್, ಅಂದರೆ ಆಮೇಲೆ ತೆಳುಗೊಳಿಸಿ ಬಳಸುವ ಗಾಢ ದ್ರಾವಣ, ಎರಡು ಬೇಕು. ಒಂದು ಬರೀ ಅಯಾನಿನದು: 157.5 ಮಿ.ಗ್ರಾಂ. ಸಿಲ್ವರ್ ನೈಟ್ರೇಟ್ 100 ಮಿ.ಲೀ. ನೀರಿಗೆ. ಸಿಲ್ವರ್ ನೈಟ್ರೇಟಿನ ತೂಕದಲ್ಲಿ 63.5% ಮಾತ್ರ ಬೆಳ್ಳಿ, ಆದ್ದರಿಂದ ಇದು ಲೀಟರಿಗೆ 1000 ಮಿ.ಗ್ರಾಂ. ಬೆಳ್ಳಿ. ಹಲವರು 100 ಮಿ.ಗ್ರಾಂ. ತೂಗಿ 1000 ಎಂದು ಬರೆದುಬಿಡುತ್ತಾರೆ, ಆಮೇಲೆ ಇಡೀ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಪಟ್ಟಿಯೇ ಓರೆ. ಕಂದು ಬಾಟಲಿ, ಮೇಲೆ ಫಾಯಿಲ್. ಕೈಗವಸು ಹಾಕದಿದ್ದರೆ ಮಾರನೆಯ ದಿನ ಬೆರಳಿನ ಕಪ್ಪು ಕಲೆಯೇ ಹೇಳುತ್ತದೆ.

ಎರಡನೆಯದು ಕೊಲಾಯ್ಡ್. ನಾನು ಮಾಡುವುದು 1982ರಲ್ಲಿ ಲೀ ಮತ್ತು ಮೈಸೆಲ್ ಪ್ರಕಟಿಸಿದ ಸಿಟ್ರೇಟ್ ವಿಧಾನ. 90 ಮಿ.ಗ್ರಾಂ. ಸಿಲ್ವರ್ ನೈಟ್ರೇಟನ್ನು 500 ಮಿ.ಲೀ. ನೀರಿನಲ್ಲಿ ಕರಗಿಸಿ ಕುದಿಸುವುದು, ಕುದಿಯುತ್ತಿರುವಾಗ 1% ಟ್ರೈಸೋಡಿಯಂ ಸಿಟ್ರೇಟ್ 10 ಮಿ.ಲೀ. ಹಾಕುವುದು, ಕಲಕುತ್ತ ಒಂದು ಗಂಟೆ ಸಣ್ಣ ಕುದಿಯಲ್ಲಿ ಇಡುವುದು. ಬಣ್ಣ ಹಸಿರು ಮಿಶ್ರಿತ ಹಳದಿಗೆ ಬರುತ್ತದೆ. ಆವಿಯಾದಷ್ಟು ನೀರು ಮತ್ತೆ ಸೇರಿಸಿ 510 ಮಿ.ಲೀ.ಗೆ ತಂದರೆ ಲೀಟರಿಗೆ ಸುಮಾರು 112 ಮಿ.ಗ್ರಾಂ. ಬೆಳ್ಳಿ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 300ರಿಂದ 700 ನ್ಯಾನೋಮೀಟರ್ ಓಡಿಸಿದರೆ 420ರ ಆಸುಪಾಸಿನಲ್ಲಿ ಶಿಖರ ಕಾಣಬೇಕು. ಶಿಖರ ತಗ್ಗಿ ಬಲಕ್ಕೆ ಬಾಲ ಎಳೆದಿದ್ದರೆ ಕಣಗಳು ಗುಂಪುಗೂಡಿವೆ ಎಂದರ್ಥ, ಆ ಬ್ಯಾಚ್ ಬಳಸಬೇಡಿ. ಆನ್‌ಲೈನಿನಲ್ಲಿ ಸಿಗುವ ಬಾಟಲಿ, ಬ್ಯಾಟರಿಗೆ ಬೆಳ್ಳಿ ತಂತಿ ಸಿಕ್ಕಿಸಿ ಮನೆಯಲ್ಲಿ ಮಾಡಿದ ನೀರು ಇವು ಪ್ರಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಕಣ ಎಷ್ಟು, ಅಯಾನು ಎಷ್ಟು ಎಂದು ಯಾರೂ ಅಳೆದಿರುವುದಿಲ್ಲ.

ಆ ಕಣ ಮತ್ತು ಅಯಾನಿನ ಪಾಲನ್ನು ಬೇರೆ ಮಾಡಿ ನೋಡುವುದೇ ಈ ಕೆಲಸದ ತಿರುಳು. ಕೊಲಾಯ್ಡನ್ನು 10 ಕಿಲೋಡಾಲ್ಟನ್ ಅಲ್ಟ್ರಾಫಿಲ್ಟರಿಗೆ ಹಾಕಿ 4000 ಜಿಯಲ್ಲಿ 20 ನಿಮಿಷ ತಿರುಗಿಸಿದರೆ ಕಣಗಳು ಮೇಲೆ ಉಳಿಯುತ್ತವೆ, ಬಿಡಿ ಅಯಾನು ಕೆಳಗಿಳಿಯುತ್ತದೆ. ಪೊರೆಯೇ ಸ್ವಲ್ಪ ಬೆಳ್ಳಿ ಹೀರಿಕೊಳ್ಳುವುದರಿಂದ ಮೊದಲು ಇಳಿದ 2 ಮಿ.ಲೀ. ಬೇಡ, ನಂತರದ್ದನ್ನು ಹಿಡಿಯಿರಿ. ನೀರಿನಷ್ಟೇ ತಿಳಿಯಾಗಿರುತ್ತದೆ, ಹಳದಿಯ ಸುಳಿವೂ ಇರಬಾರದು. ಈ ತಿಳಿಯನ್ನು ಒಂದು ಔಷಧ ಎಂಬಂತೆ ಅದೇ ಪ್ಲೇಟಿನಲ್ಲಿ ಪರೀಕ್ಷಿಸಬೇಕು. ಕೊಲಾಯ್ಡ್ ಮಾಡಿದ ಕೆಲಸವನ್ನೆಲ್ಲ ತಿಳಿಯೊಂದೇ ಮಾಡಿದರೆ ‘ನ್ಯಾನೋ’ ಅನ್ನುವ ಮಾತು ನಿಮ್ಮ ಶೀರ್ಷಿಕೆಯಲ್ಲಿ ಇರುವ ಹಾಗಿಲ್ಲ. 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ಇದನ್ನು ಚೊಕ್ಕವಾಗಿ ತೋರಿಸಿತು: ಆಮ್ಲಜನಕವಿಲ್ಲದ ಕಡೆ, ಅಂದರೆ ಕಣದಿಂದ ಅಯಾನು ಬಿಡುಗಡೆಯಾಗದ ಕಡೆ, ಬೆಳ್ಳಿ ಕಣಗಳು ಇ. ಕೋಲೈಯನ್ನು ಕೊಲ್ಲಲಿಲ್ಲ.

ಬ್ಯಾಕ್ಟೀರಿಯಾ: ಗುಣಮಟ್ಟದ ತಾಳೆಗೆ ಇ. ಕೋಲೈಯ ಆಕರ ತಳಿ ಎಟಿಸಿಸಿ 25922 ಪ್ರತಿ ಸಲವೂ ಇರಲೇಬೇಕು. ಇಲ್ಲಿ ಬಳಸುವ ಆಂಟಿಬಯೋಟಿಕ್ ಜೆಂಟಾಮೈಸಿನ್, ಅದರ ಎಂಐಸಿ ಈ ತಳಿಯ ಮೇಲೆ ಲೀಟರಿಗೆ 0.25ರಿಂದ 1 ಮಿ.ಗ್ರಾಂ. ಒಳಗೆ ಬರದಿದ್ದರೆ ಆ ದಿನದ ಪ್ಲೇಟುಗಳೆಲ್ಲ ಕಸ. ಆಕರ ತಳಿಗಳಿಗೆ ಪುಣೆಯ ಪಾಷಾಣ್ ಬಡಾವಣೆಯ ಎನ್‌ಸಿಎಲ್ ಆವರಣದಲ್ಲಿರುವ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹಕ್ಕೆ ಬರೆಯಬಹುದು. ಆಸ್ಪತ್ರೆಯ ತಳಿ ಬೇಕಿದ್ದರೆ ಬಯೋಸೇಫ್ಟಿ ಸಮಿತಿಯ ಅನುಮತಿ ಮೊದಲು, ತಳಿ ಆಮೇಲೆ.

ಆಂಟಿಬಯೋಟಿಕ್ಕನ್ನು ಪೊಟೆನ್ಸಿ (ಪುಡಿಯಲ್ಲಿ ನಿಜವಾಗಿ ಇರುವ ಔಷಧದ ಪಾಲು) ನೋಡಿ ತೂಗಬೇಕು. ಸರ್ಟಿಫಿಕೇಟಿನಲ್ಲಿ ಮಿ.ಗ್ರಾಂ.ಗೆ 600 ಮೈಕ್ರೋಗ್ರಾಂ ಎಂದಿದ್ದರೆ, ಲೀಟರಿಗೆ 10,240 ಮಿ.ಗ್ರಾಂ. ಸ್ಟಾಕ್ 10 ಮಿ.ಲೀ. ಮಾಡಲು 170.7 ಮಿ.ಗ್ರಾಂ. ಪುಡಿ ಬೇಕು, 102.4 ಅಲ್ಲ. ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 70ರಲ್ಲಿ ಇಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಮೆರೊಪೆನೆಮ್ ಆದರೆ ಇದು ಕಡ್ಡಾಯ, ಅದು ಬೇಗ ಹಾಳಾಗುತ್ತದೆ. ಕೊಲಿಸ್ಟಿನ್ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಹೊಸಬರು ಅದರಿಂದ ಶುರು ಮಾಡದಿರುವುದೇ ಒಳ್ಳೆಯದು.

ಇನ್ನು 96 ಗುಳಿಯ ಪ್ಲೇಟ್. ಪ್ರತಿ ಗುಳಿಯಲ್ಲಿ ಒಟ್ಟು 200 ಮೈಕ್ರೋಲೀಟರ್: 50 ಆಂಟಿಬಯೋಟಿಕ್, 100 ಬ್ಯಾಕ್ಟೀರಿಯಾ ಇರುವ ಬ್ರಾತ್ (ಅವನ್ನು ಬೆಳೆಸುವ ಪೋಷಕ ದ್ರವ), 50 ಬೆಳ್ಳಿ. ಔಷಧ ಮತ್ತು ಬೆಳ್ಳಿ ಎರಡನ್ನೂ ಬರೀ ನೀರಿನಲ್ಲಿ ನಾಲ್ಕು ಪಟ್ಟು ಗಾಢವಾಗಿ ಮಾಡಿಕೊಳ್ಳಿ, ಮ್ಯುಲ್ಲರ್ ಹಿಂಟನ್ ಬ್ರಾತನ್ನು ಎರಡು ಪಟ್ಟು ಗಾಢವಾಗಿ ಮಾಡಿಕೊಳ್ಳಿ. ಕೂಡಿದಾಗ ಎಲ್ಲವೂ ಸರಿಯಾದ ಗಾಢತೆಗೆ ಬರುತ್ತವೆ. ಬೆಳ್ಳಿಯನ್ನು ಬ್ರಾತಿನಲ್ಲೇ ಸರಣಿಯಾಗಿ ತೆಳುಗೊಳಿಸುತ್ತ ಹೋದರೆ ಮೊದಲ ಗುಳಿಯಲ್ಲೇ ಒಂದು ಪಾಲು ಕ್ಲೋರೈಡಿಗೂ ಅಮೈನೋ ಆಮ್ಲಗಳ ಗಂಧಕಕ್ಕೂ ಹೋಗುತ್ತದೆ, ಮುಂದಿನ ಗುಳಿಗಳ ಲೆಕ್ಕವೆಲ್ಲ ಸುಳ್ಳು. ಬ್ರಾತಿನಲ್ಲಿರುವ ಕೇಸಿನ್ ಹೈಡ್ರೊಲೈಸೇಟ್ ಆಮ್ಲದಲ್ಲಿ ಒಡೆದು ಕ್ಷಾರದಿಂದ ತಟಸ್ಥಗೊಳಿಸಿದ್ದು, ಅದರ ಜೊತೆ ಉಪ್ಪು ಬಂದೇ ಬರುತ್ತದೆ. ಉಪ್ಪಿನ ಪ್ರಮಾಣ ಲಾಟ್‌ನಿಂದ ಲಾಟ್‌ಗೆ ಬದಲಾಗಬಹುದು, ಆದ್ದರಿಂದ ಇಡೀ ಪ್ರಾಜೆಕ್ಟಿಗೆ ಒಂದೇ ಲಾಟಿನ ಡಬ್ಬಿ. ಬೆಳ್ಳಿಯ ಎಂಐಸಿ ಎಂದು ನಾವು ಬರೆಯುವುದು ಬ್ರಾತ್ ಬಿಟ್ಟುಕೊಟ್ಟಷ್ಟು ಬೆಳ್ಳಿಯ ಎಂಐಸಿ.

ಕಾಲಂ 1ರಿಂದ 9ರವರೆಗೆ ಜೆಂಟಾಮೈಸಿನ್, ಪ್ರತಿರೋಧಿ ತಳಿಗೆ ಲೀಟರಿಗೆ 256 ಮಿ.ಗ್ರಾಂ.ನಿಂದ ಅರ್ಧರ್ಧ ಮಾಡುತ್ತ 1ರವರೆಗೆ. ಆಕರ ತಳಿಗೆ 4ರಿಂದ 0.016ರವರೆಗೆ. ಕಾಲಂ 10ರಲ್ಲಿ ಜೆಂಟಾಮೈಸಿನ್ ಇಲ್ಲ. ಎ ಸಾಲಿನಿಂದ ಜಿ ಸಾಲಿನವರೆಗೆ ಬೆಳ್ಳಿ, 16ರಿಂದ 0.25ರವರೆಗೆ, ಎಚ್ ಸಾಲಿನಲ್ಲಿ ಬೆಳ್ಳಿ ಇಲ್ಲ. ಕಾಲಂ 11ರಲ್ಲಿ ಕೊಲಾಯ್ಡ್ ಬದಲು ಅಷ್ಟೇ ಪ್ರಮಾಣದ ಫಿಲ್ಟರ್ ತಿಳಿ, ಅದರ ಎಚ್ ಗುಳಿಯಲ್ಲಿ ಬರೀ ಸಿಟ್ರೇಟ್. ಕಾಲಂ 12ರಲ್ಲಿ ಬೆಳ್ಳಿ ಮತ್ತು ಬ್ರಾತ್, ಬ್ಯಾಕ್ಟೀರಿಯಾ ಇಲ್ಲ. ಈ ಕೊನೆಯ ಕಾಲಂ ವ್ಯರ್ಥ ಎಂದು ಬಿಡುವವರಿದ್ದಾರೆ. ಬೆಳಗ್ಗೆ ಗುಳಿ ಮಸುಕಾಗಿ ಕಂಡಾಗ ಅದು ಬೆಳವಣಿಗೆಯೋ ಸಿಲ್ವರ್ ಕ್ಲೋರೈಡೋ ಎಂದು ಹೇಳುವುದು ಇದೊಂದೇ.

ಬ್ಯಾಕ್ಟೀರಿಯಾವನ್ನು 0.5 ಮ್ಯಾಕ್‌ಫಾರ್ಲೆಂಡಿಗೆ (ದ್ರವದ ಮಸುಕು ನೋಡಿ ಸಂಖ್ಯೆ ಅಂದಾಜಿಸುವ ಅಳತೆ) ಸರಿಹೊಂದಿಸಿದರೆ ಮಿ.ಲೀ.ಗೆ 10ರಿಂದ 20 ಕೋಟಿ. 150 ಪಟ್ಟು ತೆಳುಗೊಳಿಸಿದರೆ ಸುಮಾರು 10 ಲಕ್ಷ. ಗುಳಿಯಲ್ಲಿ ಅರ್ಧವಾಗಿ 5 ಲಕ್ಷ. ರೂಢಿಯಂತೆ ಮೊದಲ ಸರಿಹೊಂದಿಕೆಯನ್ನು ಸಲೈನಿನಲ್ಲಿ (ಉಪ್ಪು ನೀರಿನಲ್ಲಿ) ಮಾಡುತ್ತಾರೆ. 0.85% ಸಲೈನ್ ಎಂದರೆ 145 ಮಿಲಿಮೋಲಾರ್ ಕ್ಲೋರೈಡ್, 150 ಪಟ್ಟು ತೆಳುವಾದರೂ ಬ್ರಾತಿನಲ್ಲಿ ಹತ್ತಿರ ಹತ್ತಿರ 1 ಮಿಲಿಮೋಲಾರ್ ಹೆಚ್ಚುವರಿ. ನಾನು ಸಲೈನ್ ಬದಲು ಲೀಟರಿಗೆ 12.3 ಗ್ರಾಂ. ಸೋಡಿಯಂ ನೈಟ್ರೇಟ್ ಬಳಸುತ್ತೇನೆ, ಲವಣದ ಒತ್ತಡ ಅಷ್ಟೇ, ಕ್ಲೋರೈಡ್ ಇಲ್ಲ. ಸುಟ್ಟ ಗಾಯಕ್ಕೆ ಹಾಕುವ ನ್ಯಾನೋಕ್ರಿಸ್ಟಲಿನ್ ಬೆಳ್ಳಿ ಡ್ರೆಸ್ಸಿಂಗನ್ನು ಸಲೈನಿನಲ್ಲಿ ಅಲ್ಲ, ಸ್ಟೆರೈಲ್ ನೀರಿನಲ್ಲಿ ತೋಯಿಸಬೇಕು ಅನ್ನುವುದೂ ಇದೇ ಕಾರಣಕ್ಕೆ.

ಬೆಳ್ಳಿಯನ್ನು ಕೊನೆಗೆ ಹಾಕಿ, ಪ್ರತಿ ಗುಳಿಗೂ ಹೊಸ ಟಿಪ್. ಫಾಯಿಲ್ ಸುತ್ತಿ 35 ಡಿಗ್ರಿಯಲ್ಲಿ 16ರಿಂದ 20 ಗಂಟೆ. ಏಪ್ರಿಲ್, ಮೇ ತಿಂಗಳ ಪುಣೆಯ ಒಣ ಹವೆಯಲ್ಲಿ ಅಂಚಿನ ಗುಳಿಗಳು ಆರಿ ಗಾಢವಾಗುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಜೊತೆ ಇಟ್ಟರೆ ಸರಿಹೋಗುತ್ತದೆ. ಇಲ್ಲಿ ನೀರು, ಕರೆಂಟಿನ ದುರಸ್ತಿ ಹೆಚ್ಚಾಗಿ ಗುರುವಾರಕ್ಕೇ ಬೀಳುವುದರಿಂದ ಬುಧವಾರ ಸಂಜೆ ಪ್ಲೇಟ್ ಹೂಡುವುದು ಜಾಣತನವಲ್ಲ.

ಬರಿಗಣ್ಣಿನಲ್ಲಿ ಓದುವುದು ಕಷ್ಟ. ಕೊಲಾಯ್ಡಿನ ಹಳದಿ, ಬ್ರಾತಿನ ಹಳದಿ, ಕೆಳಗೆ ಬೂದು ಮಡ್ಡಿ. 600 ನ್ಯಾನೋಮೀಟರಿನ ಓದೂ ಗುಂಪುಗೂಡಿದ ಕಣಗಳಿಂದ ಏರುತ್ತದೆ. ಗುಳಿಗೆ 0.015% ರಿಸಾಜುರಿನ್ ಬಣ್ಣ 30 ಮೈಕ್ರೋಲೀಟರ್ ಹಾಕಿ ಎರಡರಿಂದ ನಾಲ್ಕು ಗಂಟೆ ಕಾಯಿರಿ: ಜೀವ ಇದ್ದಲ್ಲಿ ಗುಲಾಬಿ, ಇಲ್ಲದಲ್ಲಿ ನೀಲಿ. ನೀಲಿಗಳ ನಡುವೆ ಒಂಟಿ ಗುಲಾಬಿ ಗುಳಿ ಕಂಡರೆ ಪಿಪೆಟಿನ ತಪ್ಪು ಎಂದು ದಾಟಿಹೋಗಬೇಡಿ, ಅದರಿಂದ ಗೆರೆ ಎಳೆದು ಬೆಳೆಸಿ ಮತ್ತೆ ಬೆಳ್ಳಿಯ ಎಂಐಸಿ ನೋಡಿ. ಬೆಳ್ಳಿಗೂ ಪ್ರತಿರೋಧ ಇದೆ. ಬೋಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಸಿಕ್ಕ ಸಾಲ್ಮೊನೆಲ್ಲಾ ಬೆಳ್ಳಿ ಪ್ರತಿರೋಧವನ್ನು ಪ್ಲಾಸ್ಮಿಡ್ಡಿನಲ್ಲಿ (ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗಬಲ್ಲ ಡಿಎನ್ಎ ಉಂಗುರದಲ್ಲಿ) ಹೊತ್ತಿತ್ತು, 1975ರಲ್ಲೇ ಅದರ ವರದಿ ಬಂತು. ಪ್ರಯೋಗಾಲಯದಲ್ಲಿ ಬೆಳ್ಳಿಗೆ ಒಗ್ಗಿದ ಇ. ಕೋಲೈ ಹೊರಪೊರೆಯ ಪೋರಿನ್ (ವಸ್ತುಗಳು ಒಳಹೋಗುವ ಪ್ರೋಟೀನ್ ರಂಧ್ರ) ಕಳೆದುಕೊಂಡಿದ್ದೂ ಉಂಟು. ಮೆರೊಪೆನೆಮ್ ಸೇರಿದ ಕಾರ್ಬಪೆನೆಮ್ ಗುಂಪಿನ ಔಷಧ ಒಳಹೋಗುವ ಬಾಗಿಲೂ ಪೋರಿನ್ನೇ.

ಲೆಕ್ಕ ಸರಳ. ಉದಾಹರಣೆಗೆ ಬೆಳ್ಳಿಯ ಎಂಐಸಿ ಒಂಟಿಯಾಗಿ 8, ಜೊತೆಯಲ್ಲಿ 2, ಭಾಗಿಸಿದರೆ 0.25. ಜೆಂಟಾಮೈಸಿನ್ ಒಂಟಿಯಾಗಿ 64, ಜೊತೆಯಲ್ಲಿ 8, 0.125. ಕೂಡಿದರೆ ಎಫ್ಐಸಿ ಸೂಚ್ಯಂಕ (ಜೋಡಿಯ ಬಲದ ಅಳತೆ) 0.375. 0.5 ಅಥವಾ ಕಡಿಮೆ ಇದ್ದರೆ ಸಿನರ್ಜಿ (ಒಂದಕ್ಕೊಂದು ಬಲ ಕೊಡುವುದು), 4ಕ್ಕಿಂತ ಹೆಚ್ಚಾದರೆ ವಿರೋಧ, ನಡುವಿನದ್ದೆಲ್ಲ ಉದಾಸೀನ. ಎಂಐಸಿ ಒಂದು ಗುಳಿ ಆಚೀಚೆ ಆಗುವುದು ಸಹಜ, ಅಷ್ಟಕ್ಕೇ 0.5 ಇದ್ದದ್ದು 1 ಆಗಬಹುದು. ಹಾಗಾಗಿ ಬೇರೆ ಬೇರೆ ದಿನ, ಹೊಸ ಕಾಲನಿಯಿಂದ ಕನಿಷ್ಠ ಮೂರು ಸಲ. ಇನ್ನೊಂದು ವಿಷಯ ಪ್ರಬಂಧಗಳಲ್ಲಿ ಮುಚ್ಚಿಹೋಗುತ್ತದೆ: 64ರಿಂದ 8ಕ್ಕೆ ಇಳಿದದ್ದು ಚಂದವೇ, ಆದರೆ ಅಮೆರಿಕದ ಲ್ಯಾಬ್ ಮಾನದಂಡ ಸಂಸ್ಥೆ ಸಿಎಲ್ಎಸ್ಐಯ 2023ರ ಮಾನದಂಡದಲ್ಲಿ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಬಳಗಕ್ಕೆ ಜೆಂಟಾಮೈಸಿನ್ 8 ಎಂದರೆ ಈಗಲೂ ಪ್ರತಿರೋಧವೇ. ಸಂವೇದಿ ಎನ್ನಲು 2 ಅಥವಾ ಕಡಿಮೆ ಬೇಕು.

ಸಿನರ್ಜಿ ಕಂಡ ಗುಳಿಯನ್ನು ಟೈಮ್ ಕಿಲ್‌ನಲ್ಲಿ (ಹೊತ್ತು ಕಳೆದಂತೆ ಬದುಕುಳಿದವನ್ನು ಎಣಿಸುವ ಪರೀಕ್ಷೆಯಲ್ಲಿ) ಖಚಿತ ಮಾಡಿಕೊಳ್ಳಬೇಕು: 24 ಗಂಟೆಗೆ ಜೋಡಿಯ ಎಣಿಕೆ, ಹೆಚ್ಚು ಪರಿಣಾಮಕಾರಿಯಾದ ಒಂಟಿ ಔಷಧಕ್ಕಿಂತ 100 ಪಟ್ಟು ಕಡಿಮೆ ಇರಬೇಕು. ಇಲ್ಲಿ ಮರೆಯಬಾರದ್ದು ನ್ಯೂಟ್ರಲೈಸರ್, ಅಂದರೆ ಬೆಳ್ಳಿಯ ಕೆಲಸ ನಿಲ್ಲಿಸುವ ವಸ್ತು. ಮಾದರಿಯ ಜೊತೆ ಅಗಾರಿನ ಮೇಲೆ ಹೋದ ಬೆಳ್ಳಿ ಅಲ್ಲೂ ಕೊಲ್ಲುತ್ತಲೇ ಇರುತ್ತದೆ, ನೀವು ಸೊನ್ನೆ ಎಂದು ಬರೆದುಕೊಳ್ಳುತ್ತೀರಿ. ಥಯೋಸಲ್ಫೇಟ್, ಥಯೋಗ್ಲೈಕೊಲೇಟ್ ಇರುವ ಡೇ ಎಂಗ್ಲೆ ಬ್ರಾತಿನಲ್ಲಿ ಮೊದಲ ಡೈಲ್ಯೂಷನ್ ಮಾಡಿ. ಆ ಬ್ರಾತೇ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ ಎಂದೂ ಒಂದು ಕಂಟ್ರೋಲ್ ಹಾಕಿ ತೋರಿಸಿ.

ಜೋಡಿ ಯಾಕೆ ಕೆಲಸ ಮಾಡುತ್ತದೆ? 2013ರಲ್ಲಿ ಬೋಸ್ಟನ್ ತಂಡವೊಂದು ‘ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್’ನಲ್ಲಿ ತೋರಿಸಿದಂತೆ ಬೆಳ್ಳಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲಿಸುತ್ತದೆ, ಒಳಗೆ ಆಮ್ಲಜನಕದ ಉಗ್ರ ಕಣಗಳನ್ನು ಹೆಚ್ಚಿಸುತ್ತದೆ. ಗಾತ್ರ ದೊಡ್ಡದಾಗಿ ಹೊರಪೊರೆ ದಾಟಲಾರದ ವ್ಯಾಂಕೊಮೈಸಿನ್ ಕೂಡ ಆಗ ಒಳನುಗ್ಗುತ್ತದೆ. ಆ ಪ್ರಬಂಧದಲ್ಲಿ ಇಲಿಗಳ ಮೇಲಿನ ಫಲಿತಾಂಶವೂ ಇದೆ, ಮನುಷ್ಯರದ್ದಲ್ಲ. ಅದನ್ನು ಹಿಡಿದುಕೊಂಡು ‘ಆಂಟಿಬಯೋಟಿಕ್ ಜೊತೆ ಎರಡು ಚಮಚ ಬೆಳ್ಳಿ ನೀರು’ ಎನ್ನುವವರಿದ್ದಾರೆ. ರಕ್ತದಲ್ಲಿ ಕ್ಲೋರೈಡ್ ಸುಮಾರು 100 ಮಿಲಿಮೋಲಾರ್, ಜೊತೆಗೆ ಗಂಧಕ ಹೊತ್ತ ಪ್ರೋಟೀನುಗಳು. ನಲ್ಲಿ ನೀರಿನಲ್ಲೇ ಉಳಿಯದ ಅಯಾನು ಅಲ್ಲಿ ಬಿಡಿಯಾಗಿ ತಿರುಗುತ್ತದೆಯೇ? ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಟ್ಟ ಮಿತಿ ದೇಹದ ತೂಕದ ಕೆ.ಜಿ.ಗೆ ದಿನಕ್ಕೆ 5 ಮೈಕ್ರೋಗ್ರಾಂ ಬೆಳ್ಳಿ, 60 ಕೆ.ಜಿ.ಯವರಿಗೆ 0.3 ಮಿ.ಗ್ರಾಂ. 10 ಪಿಪಿಎಂ ಬಾಟಲಿಯ 30 ಮಿ.ಲೀ.ಯಲ್ಲೇ ಅದು ಮುಗಿಯಿತು. ದಾಟುತ್ತ ಹೋದರೆ ಚರ್ಮ ನೀಲಿ ಬೂದಾಗುವ ಆರ್ಜಿರಿಯಾ ಬರಬಹುದು, ಬಂದ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಕೆಲವು ಆಂಟಿಬಯೋಟಿಕ್‌ಗಳೂ ಥೈರಾಕ್ಸಿನ್ ಮಾತ್ರೆಯೂ ಬೆಳ್ಳಿಯ ಜೊತೆ ಸರಿಯಾಗಿ ಹೀರಲ್ಪಡುವುದಿಲ್ಲ, ಅಂದರೆ ನೆರವಿಗೆ ಎಂದು ಕುಡಿದದ್ದು ಔಷಧವನ್ನೇ ತಗ್ಗಿಸಬಹುದು. ಇಂಥ ಉತ್ಪನ್ನಗಳು ಸುರಕ್ಷಿತ, ಪರಿಣಾಮಕಾರಿ ಎಂದು ಮಾನ್ಯವಾಗಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ಗಾಯದ ಮೇಲೆ ವೈದ್ಯರು ಹಚ್ಚುವ 1% ಸಿಲ್ವರ್ ಸಲ್ಫಾಡಯಾಜಿನ್ ಬೇರೆಯೇ ವಿಷಯ. ಅದು ಹೊರಗೆ, ಗಾಯದ ಜಾಗದಲ್ಲೇ ಕೆಲಸ ಮಾಡುವಂಥದ್ದು.

ಕೆಲಸ ಮುಗಿದ ಪ್ಲೇಟುಗಳು ಮೊದಲು 121 ಡಿಗ್ರಿ ಆಟೋಕ್ಲೇವಿಗೆ, ಆಮೇಲೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸಾಗಬೇಕಾದ ಚೀಲಕ್ಕೆ. ಉಳಿದ ಬೆಳ್ಳಿ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಒಂದು ಜಾಡಿಯಲ್ಲಿ ಕೂಡಿಸಿ ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್ ತಳಕ್ಕಿಳಿಯುತ್ತದೆ. ಅದನ್ನು ಸೋಸಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಆ ಜಾಡಿಗೆ ಅಮೋನಿಯಾ ಮಾತ್ರ ಯಾವ ಕಾರಣಕ್ಕೂ ಸೇರಬಾರದು. ಅಮೋನಿಯಾ ಬೆರೆತ ಬೆಳ್ಳಿ ದ್ರಾವಣ ಇಟ್ಟಲ್ಲೇ ಸಿಡಿಯುವ ಮಡ್ಡಿ ಕಟ್ಟಬಲ್ಲದು, ಜಾಡಿಯ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.