ಕೋಟೆಯಲ್ಲಿ ತಂಗುವ ಮುನ್ನ ಮೆಟ್ಟಿಲು ಎಣಿಸಿಕೊಳ್ಳಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕಡೆಯ ಮಕ್ಕಳು, ಊರಿನಿಂದ ಬಂದ ತಂದೆತಾಯಿಯರನ್ನು ಒಂದು ರಾತ್ರಿಯಾದರೂ ಹಳೆಯ ಕೋಟೆಯ ಹೋಟೆಲಿನಲ್ಲಿ ಉಳಿಸಬೇಕೆಂದು ಹಂಬಲಿಸುತ್ತಾರೆ. ಆಸೆ ಒಳ್ಳೆಯದು. ಆದರೆ ಕೋಣೆಯನ್ನು ಗೊತ್ತುಮಾಡುವಲ್ಲಿ ಎಡವಿ, ಸಾವಿರಾರು ರೂಪಾಯಿ ತೆತ್ತೂ ಹಿರಿಯರಿಗೆ ಕಷ್ಟ ಕೊಟ್ಟವರನ್ನು ನಾನು ಕಂಡಿದ್ದೇನೆ. ಬ್ರಿಸ್ಟಲ್ ಸಮೀಪದ ಥಾರ್ನ್‌ಬರಿ ಕ್ಯಾಸಲ್ ಎಂಬ ಕೋಟೆ-ಹೋಟೆಲನ್ನು ಮುಂದಿಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಮೊದಲನೆಯದಾಗಿ, ಕಟ್ಟಡದ ಚರಿತ್ರೆಯನ್ನು ತಿಳಿದುಕೊಳ್ಳಿ. ಮೂರನೆಯ ಬಕಿಂಗ್‌ಹ್ಯಾಮ್ ಡ್ಯೂಕ್ ಎಡ್ವರ್ಡ್ ಸ್ಟ್ಯಾಫರ್ಡ್ ತನ್ನ ಪರಿವಾರಕ್ಕಾಗಿ 1511ರ ಸುಮಾರಿಗೆ ಇದನ್ನು ಕಟ್ಟಿಸತೊಡಗಿದನು. 1521ರಲ್ಲಿ ರಾಜದ್ರೋಹದ ಆರೋಪದ ಮೇಲೆ ಅವನ ಶಿರಚ್ಛೇದವಾದಾಗ ಕೆಲಸ ಅರ್ಧಕ್ಕೇ ನಿಂತು, ಕೋಟೆ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ವಶವಾಯಿತು. 1535ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ಲೇಗ್ ಇದ್ದ ಕಾರಣ ಹೆನ್ರಿ ಮತ್ತು ರಾಣಿ ಆನ್ ಬೊಲಿನ್ ನಗರಕ್ಕೆ ಹೋಗದೆ ಇಲ್ಲಿಯೇ ಬೀಡುಬಿಟ್ಟರು. ಇಂತಹ ಕಟ್ಟಡದಲ್ಲಿ ಒಂದು ಕೋಣೆಯಂತೆ ಇನ್ನೊಂದು ಇರುವುದಿಲ್ಲ. ಸಂರಕ್ಷಿತ ಕಟ್ಟಡವಾದುದರಿಂದ ಗೋಡೆ ಒಡೆದು ಬೇಕಾದಲ್ಲಿ ಲಿಫ್ಟ್ ಕೂರಿಸುವಂತೆಯೂ ಇಲ್ಲ.

ಎರಡನೆಯದು ಕೋಣೆಯ ಆಯ್ಕೆ. ಇಲ್ಲಿಯೇ ಹೆಚ್ಚು ಎಚ್ಚರ ಬೇಕು. ಬುಕಿಂಗ್ ಜಾಲತಾಣಗಳು ಕೋಣೆಯ ದರ್ಜೆಯನ್ನಷ್ಟೇ ಹೇಳುತ್ತವೆ, ಚಿತ್ರದಲ್ಲಿ ಕಾಣುವ ಕೋಣೆಯೇ ನಿಮಗೆ ಸಿಗುತ್ತದೆಂಬ ಭರವಸೆಯಿಲ್ಲ. ಅಲ್ಲಿ ಉಳಿಯುವ ನಾಲ್ಕು ಕಾಸಿನ ಆಸೆ ಬಿಟ್ಟು ನೇರವಾಗಿ ಹೋಟೆಲಿಗೇ ಬರೆಯಿರಿ. ಕೋಣೆಗೆ ಎಷ್ಟು ಮೆಟ್ಟಿಲು, ಅವು ನೇರವೋ ಸುರುಳಿಯೋ, ಹಿಡಿಯಲು ಕಂಬಿಯಿದೆಯೋ ಹಗ್ಗವೋ, ಸ್ನಾನಕ್ಕೆ ತೊಟ್ಟಿಯ ಅಂಚನ್ನು ದಾಟಬೇಕೋ ಅಥವಾ ಪ್ರತ್ಯೇಕ ಶವರ್ ಇದೆಯೋ, ನಾಲ್ಕು ಕಂಬದ ಮಂಚ ಎಷ್ಟು ಎತ್ತರ, ಇವನ್ನೆಲ್ಲ ಕೇಳಿ, ಕೋಣೆಯ ಹೆಸರನ್ನು ಉತ್ತರದಲ್ಲಿ ಬರಹದಲ್ಲೇ ಪಡೆಯಿರಿ. ನನ್ನ ಪರಿಚಯದ ಯುವಕನೊಬ್ಬ ಬೇರೊಂದು ಕೋಟೆಯಲ್ಲಿ, ಅಮ್ಮನಿಗೆ ಅತ್ಯುತ್ತಮವಾದುದೇ ಇರಲೆಂದು ಗೋಪುರದ ತುದಿಯ ಕೋಣೆಯನ್ನು ಹಿಡಿದಿದ್ದನು. ಮಂಡಿನೋವಿನ ಆ ತಾಯಿ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಗೋಡೆಯ ಹಗ್ಗ ಹಿಡಿದು, ತಿರುವಿಗೊಮ್ಮೆ ಕುಳಿತು ಮೇಲೇರಿದರು. ರಾತ್ರಿಯ ಊಟಕ್ಕೆ ಕೆಳಗಿಳಿಯಲು ಒಪ್ಪಲೇ ಇಲ್ಲ. ಸುರುಳಿ ಮೆಟ್ಟಿಲು ನಡುಗಂಬದ ಕಡೆ ಕಿರಿದಾಗಿ, ಹೊರಗೋಡೆಯ ಕಡೆ ಅಗಲವಾಗಿರುತ್ತದೆ. ಏರಲೇಬೇಕಾದರೆ ಹೊರಗೋಡೆಗೆ ಒತ್ತಿಕೊಂಡು, ಪಾದ ಪೂರ್ತಿ ಊರಿಯೇ ಮುಂದಿನ ಹೆಜ್ಜೆ ಇಡಬೇಕು. ಅರವತ್ತು ದಾಟಿದವರಿಗೆ ಗೋಪುರ ಬೇಡವೇ ಬೇಡ. ತೋಟದ ಕಡೆಗೆ ಕಿಟಕಿಯಿರುವ, ನೇರ ಮೆಟ್ಟಿಲಿನ ಕೋಣೆಯನ್ನೇ ಕೇಳಿ.

ಮೂರನೆಯದಾಗಿ, ಸಸ್ಯಾಹಾರಿಗಳಾದರೆ ಒಂದು ವಾರ ಮೊದಲೇ ತಿಳಿಸಿ. "ವೆಜಿಟೇರಿಯನ್" ಎಂದಷ್ಟೇ ಬರೆದರೆ ಸಾಲದು. ಮೀನು, ಮೊಟ್ಟೆ, ಸೂಪಿಗೆ ಹಾಕುವ ಮಾಂಸದ ರಸ, ಸಿಹಿತಿನಿಸಿನ ಜೆಲಾಟಿನ್ ಇವುಗಳಲ್ಲಿ ಯಾವುದು ಬೇಡವೋ ಅದನ್ನು ಬಿಡಿಸಿ ಹೇಳಿ.

ನಾಲ್ಕನೆಯದು ಪ್ರಯಾಣ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೈಲು ಹಿಡಿದು ಬ್ರಿಸ್ಟಲ್ ಪಾರ್ಕ್‌ವೇಯಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ನಗರದೊಳಗಿನ ಟೆಂಪಲ್ ಮೀಡ್ಸ್‌ವರೆಗೆ ಹೋದರೆ ದಾರಿ ಸುತ್ತಾಗುತ್ತದೆ. ವಿಮಾನದ ದೊಡ್ಡ ಸೂಟ್‌ಕೇಸನ್ನು ಮನೆಯಲ್ಲೇ ಬಿಟ್ಟು, ಒಂದು ರಾತ್ರಿಯ ಬಟ್ಟೆಗೆ ಸಣ್ಣ ಕೈಚೀಲವನ್ನಷ್ಟೇ ಒಯ್ಯಿರಿ. ಎಲ್ಲ ದೇಶಕ್ಕೂ ಆಗುತ್ತದೆಂದು ಮಾರುವ ಅಗ್ಗದ ಅಡಾಪ್ಟರ್ ಕೊಳ್ಳಬೇಡಿ, ಅದು ಸಾಕೆಟ್ಟಿನಲ್ಲಿ ಸಡಿಲವಾಗಿ ನೇತಾಡುತ್ತದೆ. ಚಪ್ಪಟೆ ಕಾಲಿನ ಬ್ರಿಟಿಷ್ ಪ್ಲಗ್ಗಿನ ಅಡಾಪ್ಟರ್ ಒಂದೇ ಸಾಕು.

ಐದನೆಯದಾಗಿ, ಕೋಣೆ ಸಿಗುವ ಹೊತ್ತಿಗೆ ಸರಿಯಾಗಿ ತಲುಪಿ. ಸಂಜೆ ಏಳಕ್ಕೆ ಬಂದು ಬೆಳಿಗ್ಗೆ ಹೊರಡುವವರಿಗೆ ಕೋಟೆಯನ್ನು ಹಗಲಿನಲ್ಲಿ ನೋಡುವ ಅವಕಾಶವೇ ಇರುವುದಿಲ್ಲ. ಬೆಳಗಿನ ಪೂಜೆಗೆ ಕೋಣೆಯಲ್ಲಿ ಊದುಬತ್ತಿ ಹಚ್ಚಬಾರದು. ಹೊಗೆಯ ಅಲಾರಂ ಕೂಗಿ ಎಲ್ಲ ಅತಿಥಿಗಳೂ ಅಂಗಳಕ್ಕೆ ಬರಬೇಕಾಗುತ್ತದೆ.

ಹೊರಡುವ ದಿನ ತಿಂಡಿಯಾದ ಮೇಲೆ ಹಿರಿಯರನ್ನು ಹೆಬ್ಬಾಗಿಲಿನ ಬಳಿಗೆ ಕರೆದೊಯ್ಯಿರಿ. ಈ ಬಾಗಿಲನ್ನು 1511ರಲ್ಲಿ ತಾನು ಆರಂಭಿಸಿದೆನೆಂದು ಡ್ಯೂಕನು ಹಳೆಯ ಇಂಗ್ಲಿಷಿನಲ್ಲಿ ಕೆತ್ತಿಸಿದ ಶಾಸನ ಅಲ್ಲಿದೆ. ಇಸವಿ ರೋಮನ್ ಅಂಕಿಯಲ್ಲಿದ್ದು, ಐನೂರಕ್ಕೆ ಐದು 'ಸಿ' ಅಕ್ಷರಗಳನ್ನು ಸಾಲಾಗಿ ಕೊರೆದಿದ್ದಾರೆ. ಅದನ್ನು ಅವರಿಗೆ ಓದಿ ಹೇಳಿ. ಅಲ್ಲಿಗೆ ಹೋಗಲು ಒಂದು ಮೆಟ್ಟಿಲನ್ನೂ ಹತ್ತಬೇಕಿಲ್ಲ.