ನೆರೆಯಲ್ಲಿ ಮುಳುಗಿದ ಬೈಕ್: ಕಿಕ್ ಹೊಡೆಯುವ ಮುನ್ನ

ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ನಾರಾಯಣಪುರದಿಂದ ಕೃಷ್ಣೆಗೆ ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ. ಹೊಳೆದಂಡೆಯ ಊರುಗಳಲ್ಲಿ ಅಂಗಳದ ಗಾಡಿಗೂ ನೀರು ಹತ್ತುತ್ತದೆ. ನೀರು ಇಳಿದೊಡನೆ ‘ಸ್ಟಾರ್ಟ್ ಆಗುತ್ತದೋ ನೋಡೋಣ’ ಎಂದು ಕಿಕ್ ಹೊಡೆಯಬೇಡಿ, ಸೆಲ್ಫ್ ಒತ್ತಬೇಡಿ. ಇಂಜಿನ್ನಿನೊಳಗೆ ಹೊಕ್ಕ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಮೇಲೇರಿದ ಪಿಸ್ಟನ್ ಅದಕ್ಕೆ ಗುದ್ದಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಆಗ ಇಂಜಿನ್ನನ್ನೇ ಬಿಚ್ಚಬೇಕಾಗುತ್ತದೆ.

ಫುಲ್ ಇನ್ಶೂರೆನ್ಸ್ ಇದ್ದರೆ ತೊಳೆಯುವ ಮೊದಲೇ ಫೋಟೊ ತೆಗೆದು ಕಂಪನಿಗೆ ತಿಳಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿಗೆ ನೆರೆಯ ಪರಿಹಾರ ಸಿಗುವುದಿಲ್ಲ.

ಮುಂದಿನ ಕ್ರಮ 100 ಸಿಸಿಯ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿಗಳಿಗೆ. ಅದರ ಬದಲು ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಕೀಲಿ ತಿರುಗಿಸದೆ, ತಳ್ಳಿಕೊಂಡೇ ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಮಣ್ಣು ಹಸಿ ಇರುವಾಗಲೇ ಸಾದಾ ಪೈಪಿನ ನೀರಿನಿಂದ ಗಾಡಿ ತೊಳೆಯಿರಿ. ನಮ್ಮ ಎರೆಮಣ್ಣು ಒಣಗಿದರೆ ಇಂಜಿನ್ ರೆಕ್ಕೆಗಳ ನಡುವೆ, ಬ್ರೇಕ್ ಡ್ರಮ್ಮಿನೊಳಗೆ ಕಲ್ಲಿನಂತೆ ಕೂರುತ್ತದೆ. ಪ್ರೆಶರ್ ವಾಷರ್ ಬೇಡ. ಅದು ಸೀಲ್ ದಾಟಿಸಿ ಮಣ್ಣನ್ನು ಬೇರಿಂಗಿಗೇ ತಳ್ಳುತ್ತದೆ.

ಸ್ಪಾರ್ಕ್ ಪ್ಲಗ್ ತೆಗೆದು ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಿ. ಪ್ಲಗ್ ರಂಧ್ರದಿಂದ ನೀರು ಚಿಮ್ಮುವುದು ನಿಂತ ಮೇಲೆ ಅದರೊಳಗೆ 5–10 ಮಿ.ಲೀ. ಇಂಜಿನ್ ಆಯಿಲ್ ಬಿಡಿ. ಈಗ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಮೊದಲು ಅದೇ ಬರುತ್ತದೆ. ಆಯಿಲ್ ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಬೆರೆತಿದೆ ಎಂದರ್ಥ. ಕಡಿಮೆ ಬೆಲೆಯ ಆಯಿಲ್ ತುಂಬಿ, ಪ್ಲಗ್ ಇಲ್ಲದೆಯೇ 20–30 ಸಲ ಕಿಕ್ ತಿರುಗಿಸಿ ಚೆಲ್ಲಿ. ಬಲಬದಿಯ ಕ್ಲಚ್ ಕವರ್ ತೆಗೆಸಿ ಆಯಿಲ್ ಜಾಲರಿ ತೊಳೆಸುವುದನ್ನು ಮರೆಯಬೇಡಿ, ರೇವೆ ನಿಲ್ಲುವುದು ಅಲ್ಲೇ. ಕವರಿಗೆ ಹೊಸ ಗ್ಯಾಸ್ಕೆಟ್ ಬೇಕು.

ಟ್ಯಾಂಕಿನ ಪೆಟ್ರೋಲ್ ಉಳಿಸುವ ಆಸೆ ಬೇಡ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಹೀರಿಕೊಂಡು ತಳಕ್ಕೆ ಇಳಿಯುತ್ತದೆ, ಕಾರ್ಬೊರೇಟರಿಗೆ ಮೊದಲು ಹೋಗುವುದೂ ಅದೇ. ಟ್ಯಾಂಕ್, ಪೆಟ್ರೋಲ್ ಕಾಕ್, ಕಾರ್ಬೊರೇಟರಿನ ತಳದ ಫ್ಲೋಟ್ ಬೌಲ್ ಖಾಲಿ ಮಾಡಿ, ಅದರ ಸಣ್ಣ ರಂಧ್ರದ ಜೆಟ್‌ಗಳಿಗೆ ಗಾಳಿ ಹೊಡೆಯಿರಿ. ಕಾಗದದ ಏರ್ ಫಿಲ್ಟರ್ ಆದರೆ ಹೊಸದು ಹಾಕಿ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಎರಡು ಹನಿ ಆಯಿಲ್ ಹಚ್ಚಿ. ಸೈಲೆನ್ಸರ್ ಕಳಚಿ ನೀರು ಬಸಿಯಿರಿ.

ಹೆಚ್ಚು ತಾಳ್ಮೆ ಬೇಡುವುದು ವೈರಿಂಗ್. ಹೆಡ್‌ಲೈಟ್ ಡೂಮ್, ಸೀಟಿನ ಅಡಿ, ಮ್ಯಾಗ್ನೆಟ್ ಕವರ್ ಹತ್ತಿರ ವೈರುಗಳನ್ನು ಜೋಡಿಸುವ ಒಂದೊಂದು ಕಪ್ಲರನ್ನೂ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದವರ ಗಾಡಿ ಸ್ಟಾರ್ಟ್ ಆಗುತ್ತದೆ, ನಿಜ. ತಿಂಗಳು ಕಳೆದ ಮೇಲೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ನಡುದಾರಿಯಲ್ಲಿ ನಿಲ್ಲುತ್ತದೆ.

ಇಷ್ಟಾದ ಮೇಲೆ ಕಂಪನಿ ಹೇಳಿದ ಗ್ರೇಡಿನ ಆಯಿಲ್, ಹೊಸ ಪ್ಲಗ್, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ. ಐದು ನಿಮಿಷ ಐಡಲ್‌ನಲ್ಲೇ ಓಡಲಿ, ರೇಸ್ ಕೊಡಬೇಡಿ. ಇಂಜಿನ್ ಆಫ್ ಮಾಡಿ ಆಯಿಲ್ ನೋಡಿ: ಮತ್ತೆ ಬೆಳ್ಳಗಾಗಿದ್ದರೆ ಮತ್ತೆ ಬದಲಿಸಿ. ಸ್ವಚ್ಛವಾಗಿ ಕಂಡರೂ 300 ಕಿ.ಮೀ.ಗೆ ಇನ್ನೊಮ್ಮೆ ಬದಲಿಸುವುದು ಒಳ್ಳೆಯದು.

ರಸ್ತೆಗೆ ಇಳಿಸುವ ಮೊದಲು ಎರಡೂ ಚಕ್ರ ಬಿಚ್ಚಿ ಡ್ರಮ್ ಒರೆಸಿ, ಬ್ರೇಕ್ ಶೂಗಳನ್ನು ಉಜ್ಜುಕಾಗದದಿಂದ ತಿಕ್ಕಿ. ಚಕ್ರ ಎತ್ತಿ ತಿರುಗಿಸಿದಾಗ ಕರಕರ ಸದ್ದು ಬಂದರೆ ಬೇರಿಂಗಿಗೆ ಮಣ್ಣು ಹೊಕ್ಕಿದೆ. ಗ್ರೀಸ್ ತುಂಬಿ ಸದ್ದು ಮುಚ್ಚಿಸದೆ ಬೇರಿಂಗನ್ನೇ ಬದಲಿಸಿ.